ಮುಂಬಯಿ ಕನ್ನಡ ಮಕ್ಕಳ ಓದಿನ ತೊಡಕು: ಒಂದು ವಿವೇಚನೆ

ಮುಂಬಯಿಯ ಕನ್ನಡ ಶಾಲೆಗಳನ್ನು ಕುರಿತು ಸಾಕಷ್ಟು ಬರೆಹಗಳು ಬಂದಿವೆ. ಆ ಶಾಲೆಗಳನ್ನು ಕಟ್ಟಿದವರ ಶ್ರಮ, ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿಶಾಲೆಗಳಲ್ಲಿ ಕಲಿತು ಮೇಲೆ ಬಂದವರ ಸಾಹಸ, ಇವು ಸ್ಮರಣ ಸಂಪುಟಗಳಿಗೆ ಪ್ರಿಯವಾದ ವಸ್ತುಗಳು. ಅವು ಪ್ರಿಯವಾಗಿರುವುದು ಸಹಜವೂ ಹೌದು. ಆದರೆ ಅದೇ ಶಾಲೆಗಳ ಕೊನೆಯ ಬೆಂಚಿನಲ್ಲಿ ಕುಳಿತು, ನಾಲ್ಕು ವರ್ಷ ಕಳೆದರೂ ಒಂದು ಪುಟವನ್ನು ತಾನಾಗಿ ಓದಲಾರದೆ ಹೋದ ಮಗುವಿನ ವಿಚಾರ ಈ ಬರೆಹಗಳಲ್ಲಿ ವಿರಳ. ಮೇಲೆ ಬಂದವರು ತಮ್ಮ ಕಥೆಯನ್ನು ತಾವೇ ಬರೆದರು, ಓದಲಾರದವನು ಬರೆಯಲಿಲ್ಲ.

ಇಂತಹ ಮಗುವಿನ ಓದನ್ನು ಪಕ್ಕದಲ್ಲಿ ಕುಳಿತು ಗಮನಿಸಿದವರಿಗೆ ಒಂದು ದೃಶ್ಯ ಪರಿಚಿತವಾಗಿರುತ್ತದೆ. ಮೂರನೆಯ ಇಯತ್ತೆಯ ಹುಡುಗ ಪಾಠವನ್ನು ತಡೆಯಿಲ್ಲದೆ ಒಪ್ಪಿಸುತ್ತಾನೆ. ಕಣ್ಣು ಪುಸ್ತಕದ ಮೇಲಿದೆ, ಬೆರಳು ಸಾಲಿನ ಮೇಲೆ ಸಾಗುತ್ತಿದೆ. ಆದರೆ ಬಾಯಿ ಮೂರನೆಯ ಸಾಲನ್ನು ಮುಗಿಸಿದಾಗ ಬೆರಳು ಇನ್ನೂ ಎರಡನೆಯದರಲ್ಲಿಯೇ ಇರುತ್ತದೆ. ಅದೇ ಪಾಠದ ಒಂದು ಪದವನ್ನು ಬೇರೊಂದು ಕಾಗದದ ಮೇಲೆ ಬರೆದು ತೋರಿಸಿದರೆ ಹುಡುಗ ಮೌನಿಯಾಗುತ್ತಾನೆ. ಅವನು ಓದುತ್ತಿರಲಿಲ್ಲ, ಕೇಳಿ ಕಲಿತದ್ದನ್ನು ನೆನಪಿನಿಂದ ಹೇಳುತ್ತಿದ್ದನು. ಇಡೀ ಪಾಠವನ್ನು ಕಿವಿಯಿಂದಲೇ ಕಲಿತ ಮಗುವನ್ನು ದಡ್ಡನೆಂದು ಕರೆಯುವುದು ಎಂತಹ ವಿಪರ್ಯಾಸ! ಯಕ್ಷಗಾನದ ಅರ್ಥಗಾರಿಕೆಯನ್ನು ಒಂದೆರಡು ಸಲ ಕೇಳಿ ಅನುಕರಿಸಬಲ್ಲ ಮಕ್ಕಳು ಕರಾವಳಿಯಿಂದ ಬಂದ ಮುಂಬಯಿ ಕುಟುಂಬಗಳಲ್ಲಿ ಅಪರೂಪವಲ್ಲ. ನೆನಪಿನ ಈ ಶಕ್ತಿಯೇ ಓದಿನ ಕೊರತೆಯನ್ನು ಎರಡು ಮೂರು ವರ್ಷಗಳವರೆಗೆ ಮುಚ್ಚಿಡುತ್ತದೆ.

ಆದುದರಿಂದ ಈ ಮಗು ಏಕೆ ಓದುವುದಿಲ್ಲ ಎಂಬುದಕ್ಕಿಂತ ಮೊದಲು ಎಲ್ಲಿ ನಿಲ್ಲುತ್ತದೆ ಎಂಬುದನ್ನು ಕೇಳಬೇಕಾಗುತ್ತದೆ. ಅಕ್ಷರದಲ್ಲಿಯೋ, ಕಾಗುಣಿತದಲ್ಲಿಯೋ, ಒತ್ತಕ್ಷರದಲ್ಲಿಯೋ, ಪದದ ಅರ್ಥದಲ್ಲಿಯೋ, ವಾಕ್ಯದಲ್ಲಿಯೋ? ಕನ್ನಡವನ್ನು ಓದಬೇಕಾದ ಮಗುವಿನ ಮಟ್ಟಿಗೆ ಈ ಪ್ರಶ್ನೆಗೆ ಕನ್ನಡದಲ್ಲಿಯೇ ಉತ್ತರ ದೊರೆಯಬೇಕು. ಇಂಗ್ಲಿಷಿನ ಅಳತೆಗೋಲಿನಿಂದ ಅದನ್ನು ಅಳೆದು ನಿರ್ಣಯಕ್ಕೆ ಬರುವುದು ಮುಂಬಯಿಯಲ್ಲಿ ರೂಢಿಯಾಗಿದೆ, ಮತ್ತು ಅದರಿಂದ ಆಗಿರುವ ಹಾನಿ ಸಣ್ಣದಲ್ಲ.

ಮನೆಮಾತು ಮತ್ತು ಪಠ್ಯದ ಮಾತು

ಮುಂಬಯಿ ಮಹಾನಗರ ಪಾಲಿಕೆಯು ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು, ಕನ್ನಡ ಎಂಬ ಎಂಟು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸಿಕೊಂಡು ಬಂದಿದೆ. ಇವುಗಳಲ್ಲಿ ಕನ್ನಡ ಮಾಧ್ಯಮದ ತರಗತಿಯೆಂದರೆ ಒಂದೇ ಮನೆಮಾತಿನ ಮಕ್ಕಳ ಗುಂಪೆಂದು ಭಾವಿಸುವಂತಿಲ್ಲ. ಉಡುಪಿ, ಮಂಗಳೂರು ಕಡೆಯಿಂದ ಬಂದ ಕುಟುಂಬದ ಮಗುವಿನ ಮನೆಮಾತು ತುಳು ಆಗಿರಬಹುದು, ಕೊಂಕಣಿ ಆಗಿರಬಹುದು, ಬ್ಯಾರಿ ಆಗಿರಬಹುದು, ಕುಂದಾಪುರದ ಕನ್ನಡವೂ ಆಗಿರಬಹುದು. ಕಟ್ಟಡ ಕೆಲಸಕ್ಕಾಗಿ ಕಲಬುರಗಿ, ಯಾದಗಿರಿ, ವಿಜಯಪುರಗಳಿಂದ ಬಂದವರ ಮಕ್ಕಳು ಮತ್ತೊಂದು ಬಗೆಯ ಕನ್ನಡವನ್ನಾಡುತ್ತಾರೆ. ಇವರೆಲ್ಲರೂ ಚಾಳಿನ ಅಂಗಳಕ್ಕೆ ಇಳಿದೊಡನೆ ಮುಂಬಯಿ ಹಿಂದಿಗೆ ಹೊರಳುತ್ತಾರೆ. ಪಠ್ಯಪುಸ್ತಕದ ಕನ್ನಡ ಇವರಲ್ಲಿ ಯಾರ ಮನೆಯಲ್ಲಿಯೂ ಇಲ್ಲ.

ತುಳು ಮಾತನಾಡುವ ಮಗು ಬೆಕ್ಕಿನ ಚಿತ್ರವನ್ನು ನೋಡಿ ಅದರ ಕೆಳಗಿನ ಪದವನ್ನು ‘ಪುಚ್ಚೆ’ ಎಂದು ಓದಿದರೆ, ಮನೆಯ ಚಿತ್ರಕ್ಕೆ ‘ಇಲ್ಲ್’ ಎಂದರೆ, ಅದು ಅಕ್ಷರವನ್ನು ನೋಡದೆ ಚಿತ್ರವನ್ನು ಓದಿತೆಂಬುದು ನಿಜ. ಆದರೆ ಮುದ್ರಿತ ಪುಟದಲ್ಲಿ ಅರ್ಥವಿದೆ ಎಂಬ ಮೊದಲನೆಯ ಮತ್ತು ಮಹತ್ತ್ವದ ಸತ್ಯವನ್ನು ಅದು ಗ್ರಹಿಸಿದೆ. ಇದಕ್ಕಿಂತಲೂ ಸ್ವಾರಸ್ಯಕರವಾದ ಉದಾಹರಣೆ ಉತ್ತರ ಕರ್ನಾಟಕದ ಮಗುವಿನದು. ‘ಅಪ್ಪ ಕೆಲಸ ಮಾಡುತ್ತಿದ್ದಾನೆ’ ಎಂಬ ವಾಕ್ಯವನ್ನು ಅದು ‘ಅಪ್ಪ ಕೆಲಸ ಮಾಡ್ಲಾಕತ್ತಾನ’ ಎಂದು ಓದುತ್ತದೆ. ಶಿಕ್ಷಕರು ತಪ್ಪೆಂದು ತಡೆಯುತ್ತಾರೆ. ವಸ್ತುತಃ ಇಲ್ಲಿ ನಡೆದಿರುವುದೇನು? ಮಗು ಅಕ್ಷರಗಳನ್ನು ಕೂಡಿಸಿ ಪದವನ್ನು ಗುರುತಿಸಿತು, ಅರ್ಥವನ್ನು ಹಿಡಿಯಿತು, ಆ ಅರ್ಥವನ್ನು ತನ್ನ ಮನೆಯ ಕ್ರಿಯಾರೂಪದಲ್ಲಿ ಹೇಳಿತು. ಲಿಂಗ, ವಚನ, ಕಾಲ ಯಾವುದೂ ಕೆಡಲಿಲ್ಲ. ಇದು ಓದಿನ ಸೋಲಲ್ಲ, ಓದು ಕೈಗೂಡಿದ್ದರ ಪುರಾವೆ. ‘ಮಾ-ಡು-ತ್ತಿ-ದ್ದಾ-ನೆ’ ಎಂದು ಒಂದೊಂದೇ ಅಕ್ಷರವನ್ನು ಸರಿಯಾಗಿ ಉಚ್ಚರಿಸಿ, ಏನು ಹೇಳಿದೆಯೆಂದು ಕೇಳಿದರೆ ತಿಳಿಯದೆ ಕುಳಿತ ಪಕ್ಕದ ಮಗುವಿಗೆ ನೆರವಿನ ಅಗತ್ಯ ಹೆಚ್ಚು. ತರಗತಿಯಲ್ಲಿ ಬೈಗುಳ ಬೀಳುವುದು ಮೊದಲನೆಯ ಮಗುವಿಗೆ.

ಪಂಜೆ ಮಂಗೇಶರಾಯರು ತುಳು, ಕೊಂಕಣಿ, ಕನ್ನಡಗಳು ಕೂಡಿ ಬಾಳುವ ನಾಡಿನಲ್ಲಿ ಶಾಲಾ ತನಿಖಾಧಿಕಾರಿಯಾಗಿದ್ದವರು, ಸ್ವತಃ ಕೊಂಕಣಿ ಮನೆಮಾತಿನವರು. ಮಕ್ಕಳಿಗಾಗಿ ಅವರು ಬರೆದ ಪದ್ಯಗಳು ಬಾಯಿಗೆ ಮೊದಲು, ಕಣ್ಣಿಗೆ ಆಮೇಲೆ ಒದಗುವಂತಹವು ಎಂಬುದು ಆಕಸ್ಮಿಕವಿರಲಾರದು.

ಲಿಪಿಯ ಭಾರ

ಕನ್ನಡವು ಬರೆದಂತೆ ಓದುವ ಭಾಷೆ, ಆದುದರಿಂದ ಕನ್ನಡದಲ್ಲಿ ಓದಿನ ತೊಡಕು ಇರುವುದಿಲ್ಲ ಎಂಬ ಮಾತು ವಿದ್ವಾಂಸರ ಬಾಯಲ್ಲಿಯೂ ಕೇಳಿಬರುತ್ತದೆ. ಇದು ಅರ್ಧಸತ್ಯ. ಉಚ್ಚಾರಣೆಗೂ ಬರಹಕ್ಕೂ ಇಂಗ್ಲಿಷಿನಲ್ಲಿರುವ ಅಂತರ ಕನ್ನಡದಲ್ಲಿಲ್ಲ, ನಿಜ. ಆದರೆ ಇಂಗ್ಲಿಷ್ ಕಲಿಯುವ ಮಗು 26 ಅಕ್ಷರಗಳ ದೊಡ್ಡ ಮತ್ತು ಸಣ್ಣ ರೂಪಗಳನ್ನು ಕಲಿತರೆ ಆಕೃತಿಗಳ ಕಲಿಕೆ ಮುಗಿಯಿತು. ಕನ್ನಡದ ಮಗುವಿಗೆ ವರ್ಣಮಾಲೆ ಬರಿಯ ಆರಂಭ. 34 ವ್ಯಂಜನಗಳಿಗೆ ಸ್ವರಚಿಹ್ನೆಗಳು ಸೇರಿ ಆಗುವ ಗುಣಿತಾಕ್ಷರಗಳು ನಾಲ್ಕುನೂರನ್ನು ಮೀರುತ್ತವೆ. ಅದರ ಮೇಲೆ ಸಂಯುಕ್ತಾಕ್ಷರಗಳು. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್ನಿನ ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಆರಂಭಿಕ ಓದನ್ನು ಕುರಿತು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಈ ದೃಷ್ಟಿಯಿಂದ ಗಮನಾರ್ಹವಾದುದು. ಅಕ್ಷರಜ್ಞಾನದ ಸಂಪಾದನೆ ಮೊದಲ ಒಂದೆರಡು ವರ್ಷಗಳಲ್ಲಿ ಮುಗಿಯದೆ ನಾಲ್ಕನೆಯ ತರಗತಿಯವರೆಗೂ ಮುಂದುವರಿಯುತ್ತದೆ ಎಂಬುದು ಅದರಿಂದ ತಿಳಿದುಬರುತ್ತದೆ. ಅಕ್ಷರವನ್ನು ಒಡೆದು ಒಳಗಿನ ಬಿಡಿ ಧ್ವನಿಯನ್ನು ಗುರುತಿಸುವ ಶಕ್ತಿಯೂ ಕನ್ನಡ ಮಕ್ಕಳಲ್ಲಿ ನಿಧಾನವಾಗಿ ಬರುತ್ತದೆ. ಎರಡನೆಯ ತರಗತಿಯ ಕೊನೆಗೆ ಒತ್ತಕ್ಷರ ಬಾರದ ಮಗುವನ್ನು ಹಿಂದುಳಿದವನೆಂದು ಗುರುತಿಸುವ ಮೊದಲು ಇದನ್ನು ಗಮನಿಸಬೇಕು.

ಯಾವ ಆಕೃತಿಗಳಲ್ಲಿ ತೊಡಕು ಬರುತ್ತದೆಂಬುದನ್ನು ಲಿಪಿಯೇ ಹೇಳುತ್ತದೆ. ದ-ಧ, ಡ-ಢ, ಬ-ಭಗಳ ನಡುವೆ ಅಡಿಯಲ್ಲಿರುವ ಒಂದು ಸಣ್ಣ ಗೀರಿನ ವ್ಯತ್ಯಾಸ. ರ-ಠಗಳ ನಡುವೆ ಒಳಗಿನ ಒಂದು ಚುಕ್ಕೆ. ಪ, ಷ, ಫಗಳು ಒಂದೇ ಮೈಯ ಮೂರು ರೂಪಗಳು. ‘ವು’ ಮತ್ತು ‘ಮ’ಗಳನ್ನು ವೇಗವಾಗಿ ಓದುವಾಗ ಪ್ರೌಢರೂ ಒಮ್ಮೆ ತಡೆಯುತ್ತಾರೆ. ಒತ್ತುಗಳಲ್ಲಿ ಹೆಚ್ಚಿನವು ಮೂಲಾಕ್ಷರದ ತಲೆಕಟ್ಟು ಕಳೆದ ರೂಪಗಳೇ ಆಗಿರುವುದರಿಂದ ಗುರುತಿಸಲು ಸುಲಭ. ತ, ನ, ಮ, ಯ, ರ, ಲಗಳ ಒತ್ತುಗಳು ಮಾತ್ರ ಮೂಲವನ್ನು ಹೋಲುವುದಿಲ್ಲ. ದುರದೃಷ್ಟವೆಂದರೆ ಕನ್ನಡದ ಪುಟದಲ್ಲಿ ಅತಿ ಹೆಚ್ಚಾಗಿ ಬರುವ ಒತ್ತುಗಳಲ್ಲಿ ಇವೇ ಮುಖ್ಯವಾದವು.

ಇನ್ನು ಅರ್ಕಾವತ್ತಿನ ವಿಚಾರ. ‘ಸೂರ್ಯ’ ಎಂಬಲ್ಲಿ ಕಣ್ಣಿಗೆ ಮೊದಲು ಕಾಣುವುದು ಯಕಾರ, ಕಿವಿಗೆ ಮೊದಲು ಕೇಳುವುದು ರೇಫ. ಅಕ್ಷರಗಳನ್ನು ಎಡದಿಂದ ಬಲಕ್ಕೆ ಕ್ರಮವಾಗಿ ಉಚ್ಚರಿಸು ಎಂದು ಎರಡು ವರ್ಷ ಕಲಿಸಿದ ಶಿಕ್ಷಕರು ಇಲ್ಲಿ ಮಾತ್ರ ಹಿಂದುಮುಂದಾಗಿ ಓದು ಎನ್ನುತ್ತಾರೆ. ಕನ್ನಡ ಮಾಧ್ಯಮದಲ್ಲಿ ಓದುವ ಮುಂಬಯಿಯ ಮಗುವಿಗೆ ಈ ಸಂಕಟ ಇಮ್ಮಡಿಯಾಗುತ್ತದೆ, ಏಕೆಂದರೆ ಅದು ದೇವನಾಗರಿಯನ್ನೂ ಕಲಿಯುತ್ತದೆ. ಅಲ್ಲಿ ರೇಫವು ಮುಂದಿನ ಅಕ್ಷರದ ತಲೆಯ ಮೇಲೆ ಕೂರುತ್ತದೆ. ಹ್ರಸ್ವ ಇಕಾರದ ಚಿಹ್ನೆಯು ವ್ಯಂಜನದ ಹಿಂದೆ ಉಚ್ಚಾರವಾದರೂ ಅದರ ಮುಂದೆ, ಎಡಭಾಗದಲ್ಲಿ, ಬರೆಯಲ್ಪಡುತ್ತದೆ. ಕನ್ನಡದಲ್ಲಿ ಸಂಯುಕ್ತದ ಎರಡನೆಯ ವ್ಯಂಜನ ಕೆಳಗಿಳಿದರೆ, ದೇವನಾಗರಿಯಲ್ಲಿ ಸಾಮಾನ್ಯವಾಗಿ ಮೊದಲನೆಯ ವ್ಯಂಜನ ಅರ್ಧವಾಗಿ ಎಡಕ್ಕೆ ನಿಲ್ಲುತ್ತದೆ. ‘ಕೊಡು’ ಮತ್ತು ‘ಕೋಡು’, ‘ತೆರು’ ಮತ್ತು ‘ತೇರು’ ಇವುಗಳ ಭೇದವನ್ನು ಮರಾಠಿಯ ಬರಹವು ತೋರುವುದೇ ಇಲ್ಲ. 2020ರ ಕಾಯಿದೆಯ ತರುವಾಯ ಮಹಾರಾಷ್ಟ್ರದ ಎಲ್ಲ ಮಾಧ್ಯಮಗಳ ಶಾಲೆಗಳಲ್ಲಿಯೂ ಮರಾಠಿ ಕಡ್ಡಾಯವಾಗಿದೆ. ನೆಲದ ಭಾಷೆಯನ್ನು ಕಲಿಯುವುದು ನ್ಯಾಯವೇ. ಆದರೆ ಕನ್ನಡ, ದೇವನಾಗರಿ, ರೋಮನ್ ಎಂಬ ಮೂರು ಲಿಪಿಗಳನ್ನು ಎಳೆಯ ವಯಸ್ಸಿನಲ್ಲಿ ಏಕಕಾಲಕ್ಕೆ ಹೊರುವ ಮಗುವಿನ ತಪ್ಪುಗಳಲ್ಲಿ ಯಾವುದು ತೊಡಕು, ಯಾವುದು ಒಂದು ಲಿಪಿಯ ನಿಯಮವನ್ನು ಇನ್ನೊಂದಕ್ಕೆ ಅನ್ವಯಿಸಿದ ಜಾಣತನ ಎಂಬುದನ್ನು ಬಿಡಿಸಿ ನೋಡುವವರು ಬೇಕು.

ಒಂದು ವಿಷಯದಲ್ಲಿ ಮಾತ್ರ ಮುಂಬಯಿಯ ಮಗುವಿಗೆ ಅನುಕೂಲವಿದೆ. ಕರ್ನಾಟಕದ ಹಳ್ಳಿಯ ಮಗುವಿನ ಕಿವಿಗೆ ಮಹಾಪ್ರಾಣ ಬೀಳುವುದು ಕಡಿಮೆ. ‘ದನ’, ‘ಧನ’ಗಳು ಅದಕ್ಕೆ ಒಂದೇ. ‘ಘರ್’, ‘ಭಾಯಿ’, ‘ಧಂದಾ’ ಎಂದು ದಿನವೂ ಆಡುವ ಮುಂಬಯಿಯ ಮಗುವಿನ ಕಿವಿ ಈ ಭೇದಕ್ಕೆ ಸಿದ್ಧವಾಗಿಯೇ ಇದೆ. ಬೀದಿಯ ಹಿಂದಿಯನ್ನು ಹಳಿಯುವ ಕನ್ನಡ ಶಿಕ್ಷಕರು ಈ ಸಲಕರಣೆಯನ್ನು ಬಳಸಿಕೊಂಡಂತೆ ಕಾಣುವುದಿಲ್ಲ.

ಪರೀಕ್ಷೆ ಮತ್ತು ರಿಯಾಯಿತಿ

ಮೇಲಿನ ತೊಡಕುಗಳಲ್ಲಿ ಹೆಚ್ಚಿನವು ಕಾಲ ಮತ್ತು ಅಭ್ಯಾಸದಿಂದ ನೀಗುವಂತಹವು. ಹಾಗೆ ನೀಗದ ಮಕ್ಕಳೂ ಇದ್ದಾರೆ. ದೃಷ್ಟಿ, ಶ್ರವಣ, ಬುದ್ಧಿಶಕ್ತಿಗಳಲ್ಲಿ ಕೊರತೆಯಿಲ್ಲದಿದ್ದರೂ ಅಕ್ಷರ ಮತ್ತು ಧ್ವನಿಗಳ ಸಂಬಂಧ ಅವರಲ್ಲಿ ಸುಲಭವಾಗಿ ಗಟ್ಟಿಗೊಳ್ಳುವುದಿಲ್ಲ. 1896ರಲ್ಲಿ ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮೋರ್ಗನ್ 14 ವರ್ಷದ ಇಂತಹ ಜಾಣ ಹುಡುಗನೊಬ್ಬನ ವಿವರವನ್ನು ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದನು. ಅದಕ್ಕೆ ಸುಮಾರು ಒಂದು ದಶಕದ ಹಿಂದೆ ಜರ್ಮನಿಯ ನೇತ್ರವೈದ್ಯ ರುಡೋಲ್ಫ್ ಬರ್ಲಿನ್ ರೂಢಿಗೆ ತಂದ ಡಿಸ್ಲೆಕ್ಸಿಯಾ ಎಂಬ ಪದವೇ ಮುಂದೆ ಇದಕ್ಕೆ ಹೆಸರಾಯಿತು.

ಈ ವಿಷಯದಲ್ಲಿ ಮುಂಬಯಿ ಭಾರತದ ಅನೇಕ ನಗರಗಳಿಗಿಂತ ಮೊದಲೇ ಎಚ್ಚೆತ್ತಿತು. 1996ರಲ್ಲಿ ಮಹಾರಾಷ್ಟ್ರ ಡಿಸ್ಲೆಕ್ಸಿಯಾ ಅಸೋಸಿಯೇಶನ್ ಇಲ್ಲಿ ಆರಂಭವಾಯಿತು. ಅದೇ ವರ್ಷ ರಾಜ್ಯ ಸರಕಾರವು ಇಂತಹ ಮಕ್ಕಳಿಗೆ ಪರೀಕ್ಷೆಯಲ್ಲಿ ರಿಯಾಯಿತಿಗಳನ್ನು ನೀಡಲು ಮುಂದಾಯಿತು. ಹೆಚ್ಚುವರಿ ಸಮಯ, ಕಾಗುಣಿತದ ತಪ್ಪುಗಳಿಗೆ ಮನ್ನಣೆ, ಬರೆಯಲು ಸಹಾಯಕ, ಒಂದು ಭಾಷೆಯನ್ನು ಬಿಟ್ಟು ಬದಲಿ ವಿಷಯವನ್ನು ಆರಿಸಿಕೊಳ್ಳುವ ಅವಕಾಶ ಇವು ಕಾಲಕ್ರಮದಲ್ಲಿ ಬಂದವು. ಪಾಲಿಕೆಯ ಸಾಯನ್ ಮತ್ತು ನಾಯರ್ ಆಸ್ಪತ್ರೆಗಳಲ್ಲಿ ಮಕ್ಕಳನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಏರ್ಪಾಡಾಯಿತು. 2007ರ ‘ತಾರೆ ಜಮೀನ್ ಪರ್’ ಚಲನಚಿತ್ರ ಈ ಸಂಗತಿಯನ್ನು ಮನೆಮನೆಗೆ ತಲಪಿಸಿತು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ನಿರ್ದಿಷ್ಟ ಕಲಿಕಾ ನ್ಯೂನತೆಯನ್ನು ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿತು.

ಇಷ್ಟೆಲ್ಲ ಆದರೂ ಇದರ ಪ್ರಯೋಜನ ಬಹುಕಾಲ ದೊರೆತದ್ದು ಮುಖ್ಯವಾಗಿ ಇಂಗ್ಲಿಷ್ ಮಾಧ್ಯಮದ ಮಕ್ಕಳಿಗೆ. ಓದನ್ನು ಅಳೆಯುವ ಪ್ರಮಾಣೀಕೃತ ಸಾಧನಗಳು ದೇಶಭಾಷೆಗಳಲ್ಲಿ ಇರಲಿಲ್ಲ. ಪಾಲಿಕೆಯ ಕನ್ನಡ ಶಾಲೆಯ ಮಗುವನ್ನು ಇಂಗ್ಲಿಷ್ ಪದಗಳ ಪಟ್ಟಿಯಿಂದ ಪರೀಕ್ಷಿಸಿದರೆ ತಿಳಿಯುವುದು ಅದಕ್ಕೆ ಇಂಗ್ಲಿಷ್ ಬಾರದೆಂಬುದು ಮಾತ್ರ. ಹರಿಯಾಣದ ಮಾನೇಸರದಲ್ಲಿರುವ ರಾಷ್ಟ್ರೀಯ ಮೆದುಳು ಸಂಶೋಧನ ಕೇಂದ್ರವು ಸಿದ್ಧಪಡಿಸಿದ ‘ಡಾಲಿ’ ಎಂಬ ಸಾಧನ 2015ರಲ್ಲಿ ಬಂದಿತು. ಮೊದಲ ಹಂತದಲ್ಲಿಯೇ ಅದು ಹಿಂದಿ, ಇಂಗ್ಲಿಷುಗಳ ಜೊತೆಗೆ ಮರಾಠಿ ಮತ್ತು ಕನ್ನಡಗಳನ್ನು ಒಳಗೊಂಡಿತು. ಮುಂಬಯಿ ಕನ್ನಡ ಮಗುವಿಗೆ ಬೇಕಾದ ನಾಲ್ಕು ಭಾಷೆಗಳೂ ಒಂದೆಡೆ ದೊರೆತದ್ದು ಯೋಗಾಯೋಗ. ಆದರೆ ಕನ್ನಡದ ಪರೀಕ್ಷೆಯನ್ನು ನಡೆಸಲು ಕನ್ನಡ ಬಲ್ಲ ಪರೀಕ್ಷಕರು ಬೇಕು, ಆ ಪರೀಕ್ಷಕರು ‘ಮಾಡ್ಲಾಕತ್ತಾನ’ ಎಂಬುದನ್ನು ತಪ್ಪಿನ ಲೆಕ್ಕಕ್ಕೆ ಹಾಕಬಾರದು.

ಇಲ್ಲಿ ಇನ್ನೊಂದು ಸೂಕ್ಷ್ಮ ಪ್ರಶ್ನೆಯಿದೆ. ಮಗುವಿಗೆ ಓದು ಕಷ್ಟವೆಂದು ತಿಳಿದೊಡನೆ ಹಿತೈಷಿಗಳು ನೀಡುವ ಮೊದಲ ಸಲಹೆ, ಭಾಷೆಗಳನ್ನು ಕಡಿಮೆ ಮಾಡಿ ಎಂಬುದು. ಇಂಗ್ಲಿಷನ್ನು ಬಿಡುವಂತಿಲ್ಲ, ಮರಾಠಿ ಕಡ್ಡಾಯ, ಹಿಂದಿ ಬೀದಿಯಿಂದ ತಾನಾಗಿ ಬರುತ್ತದೆ. ಉಳಿದದ್ದು ಕನ್ನಡ. ಪರೀಕ್ಷೆಯ ಹೊರೆಯನ್ನು ಇಳಿಸುವ ರಿಯಾಯಿತಿಯ ಬಗೆಗೆ ಆಕ್ಷೇಪವೆತ್ತುವುದು ನಿರ್ದಯತೆಯಾದೀತು. ಹತ್ತನೆಯ ಇಯತ್ತೆಯ ಹೊಸ್ತಿಲಲ್ಲಿ ನಿಂತ ಮಗುವಿಗೆ ಅದು ಉಸಿರಾಡಲು ಸಿಕ್ಕ ಅವಕಾಶ. ಆದರೆ ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುವುದನ್ನೇ ನಿಲ್ಲಿಸಿ ಎಂಬ ಸಲಹೆಗೆ ಆಧಾರವಿಲ್ಲ. ಎರಡು ಮೂರು ಭಾಷೆಗಳನ್ನು ಆಡುವುದರಿಂದ ಈ ನ್ಯೂನತೆ ಉಂಟಾಗುವುದಿಲ್ಲ. ಆಡುಮಾತಿನ ಸಂಪತ್ತೇ ಓದಿನ ಬಂಡವಾಳ; ಅದನ್ನು ಕಸಿದುಕೊಂಡ ಮೇಲೆ ಮಗು ಊಹಿಸಿ ಓದಲು ಆಧಾರವಾದರೂ ಎಲ್ಲಿದೆ? ಅಜ್ಜಿಯೊಡನೆ ಮಾತನಾಡಲಾರದ ಮಗು ಇಂಗ್ಲಿಷಿನಲ್ಲಿ ಚೆನ್ನಾಗಿ ಓದುವುದೆಂದು ಯಾರೂ ಹೇಳಲಾರರು.

ನೆರವಿನ ಕ್ರಮ

ಮೊದಲು ಕಣ್ಣು ಮತ್ತು ಕಿವಿಗಳ ಪರೀಕ್ಷೆಯಾಗಬೇಕು. ಹಲಗೆ ಕಾಣದೆ ಎರಡು ವರ್ಷ ಕಳೆದ ಮಕ್ಕಳಿದ್ದಾರೆ. ಕಟ್ಟಡ ಕೆಲಸದವರ ಮಕ್ಕಳು ವರ್ಷದಲ್ಲಿ ಕೆಲವು ತಿಂಗಳು ಊರಿಗೆ ಹೋಗಿ ಬರುವುದರಿಂದ ಪಾಠಗಳು ನಡುವೆ ಕಡಿದುಹೋಗುತ್ತವೆ. ಅಂತಹ ಮಗುವಿಗೆ ಬೇಕಾದುದು ಬಿಟ್ಟುಹೋದ ಪಾಠವೇ ಹೊರತು ಪ್ರಮಾಣಪತ್ರವಲ್ಲ.

ಆ ಬಳಿಕ ಮಗು ನಿಂತ ಸ್ಥಳದಿಂದ ಆರಂಭಿಸಬೇಕು, ತರಗತಿ ನಿಂತ ಸ್ಥಳದಿಂದಲ್ಲ. 1995ರಲ್ಲಿ ಮುಂಬಯಿಯ ಕೊಳೆಗೇರಿಗಳಲ್ಲಿ ಕೆಲಸವನ್ನಾರಂಭಿಸಿದ ‘ಪ್ರಥಮ್’ ಸಂಸ್ಥೆಯು ಮುಂದೆ ದೇಶದಾದ್ಯಂತ ಬಳಕೆಗೆ ತಂದ ಕ್ರಮದ ತಿರುಳು ಇದೇ. ಅಕ್ಷರ, ಪದ, ಸಣ್ಣ ಭಾಗ, ಕಥೆ ಎಂಬ ಮೆಟ್ಟಿಲುಗಳಲ್ಲಿ ಮಗು ಎಲ್ಲಿದೆಯೆಂದು ಕೆಲವೇ ನಿಮಿಷಗಳಲ್ಲಿ ಕಂಡುಕೊಂಡು, ವಯಸ್ಸನ್ನು ಬದಿಗಿಟ್ಟು ಮಟ್ಟಕ್ಕೆ ತಕ್ಕಂತೆ ಗುಂಪು ಮಾಡಿ ಕಲಿಸುವುದು. ಹ್ರಸ್ವ ಎಕಾರ, ಒಕಾರಗಳಂತಹ ಕೆಲವನ್ನು ಬಿಟ್ಟರೆ ಮರಾಠಿಯವರ ಬಾರಾಖಡಿಯ ಪಟ್ಟಿಗೂ ನಮ್ಮ ಕಾಗುಣಿತದ ಪಟ್ಟಿಗೂ ಹೆಚ್ಚಿನ ಭೇದವಿಲ್ಲವಾದುದರಿಂದ ಈ ಕ್ರಮವನ್ನು ಕನ್ನಡಕ್ಕೆ ಒಗ್ಗಿಸಿಕೊಳ್ಳುವುದು ಕಷ್ಟವಲ್ಲ. ಕಾಗುಣಿತವನ್ನು ರಾಗವಾಗಿ ಹೇಳಿಸುವುದರಿಂದ ಮಾತ್ರ ಓದು ಬಾರದು. ‘ಕ, ಕಾ, ಕಿ, ಕೀ’ ಎಂದು ಹಾಡುವ ಮಗುವಿಗೆ ನಡುವಿನ ‘ಕೆ’ಯನ್ನು ತೋರಿಸಿ ಕೇಳಿದರೆ ಅದು ಮೊದಲಿನಿಂದ ಹಾಡಿಕೊಂಡು ಬರುತ್ತದೆ. ಅಡ್ಡಸಾಲಿನ ಬದಲು ಕಂಬಸಾಲನ್ನು ಓದಿಸಬೇಕು: ಕಿ, ಗಿ, ತಿ, ಮಿ. ಆಗ ಗುಡಿಸು ಎಂಬುದು ಒಂದು ಬಿಡಿ ಚಿಹ್ನೆಯೆಂದೂ ಅದಕ್ಕೆ ಒಂದು ಧ್ವನಿಯಿದೆಯೆಂದೂ ಮಗು ಗುರುತಿಸುತ್ತದೆ. ಅಕ್ಷರದೊಳಗಣ ಧ್ವನಿಯನ್ನು ಬಿಡಿಸುವ ಶಕ್ತಿಗೆ ಇದೇ ದಾರಿ.

ಒತ್ತಕ್ಷರಗಳನ್ನು ವರ್ಣಮಾಲೆಯ ಕ್ರಮದಲ್ಲಿ ಕಲಿಸುವ ಪದ್ಧತಿಯನ್ನು ಬಿಡುವುದು ಒಳ್ಳೆಯದು. ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ, ಎಲ್ಲ ಬಂಧುಗಳೂ ಸಜಾತೀಯ ಒತ್ತುಗಳನ್ನೇ ಹೊತ್ತು ನಿಂತಿರುವಾಗ ಬೇರೆ ಪದಗಳನ್ನು ಹುಡುಕುವ ಅಗತ್ಯವೇನು? ಇವುಗಳಲ್ಲಿ ‘ಅಮ್ಮ’ದ ಒತ್ತು ಮಾತ್ರ ಮೂಲವನ್ನು ಹೋಲದು, ಅದನ್ನು ಬೇರೆಯಾಗಿ ಕಲಿಸಬೇಕು. ‘ಪುಸ್ತಕ’, ‘ರಸ್ತೆ’ಗಳು ಆಮೇಲೆ, ಅರ್ಕಾವತ್ತು ಎಲ್ಲಕ್ಕಿಂತ ಕೊನೆಗೆ. ದಿನಕ್ಕೆ ಹದಿನೈದು ಇಪ್ಪತ್ತು ನಿಮಿಷಗಳ ಅಭ್ಯಾಸವು ಭಾನುವಾರದ ಮೂರು ಗಂಟೆಗಳಿಗಿಂತ ಹೆಚ್ಚು ಫಲಕಾರಿ. ಲೋಕಲ್ ರೈಲಿನಲ್ಲಿ ಹೋಗಿ ಬರುವುದರಲ್ಲಿಯೇ ದಿನ ಕಳೆಯುವ ತಂದೆತಾಯಿಗಳಿಗೆ ಇದೂ ದುಬಾರಿಯೆಂಬುದು ಸುಳ್ಳಲ್ಲ.

ಇವೆಲ್ಲಕ್ಕೂ ಮೇಲಾದ ಉಪಾಯವೊಂದಿದೆ. ಮಗು ತನ್ನ ಮಾತಿನಲ್ಲಿ ಒಂದು ಸಂಗತಿಯನ್ನು ಹೇಳಲಿ. ದೊಡ್ಡವರು ಅದನ್ನು ಹೇಳಿದಂತೆಯೇ, ತಿದ್ದದೆ, ಕನ್ನಡ ಲಿಪಿಯಲ್ಲಿ ಬರೆಯಲಿ. ಮಗು ಅದನ್ನು ಓದಲಿ. ತುಳುವಾದರೆ ತುಳು, ಕಲಬುರಗಿಯ ಮಾತಾದರೆ ಅದೇ. ತಾನಾಡಿದ ವಾಕ್ಯವಾದುದರಿಂದ ಅರ್ಥದ ತೊಡಕಿಲ್ಲ, ಕಣ್ಣಿಗೆ ಅಕ್ಷರದ ಕೆಲಸವೊಂದೇ ಉಳಿಯುತ್ತದೆ. ಹತ್ತು ದಿನಗಳ ಅನಂತರ ಅದೇ ಸಂಗತಿಯನ್ನು ಪಠ್ಯದ ಕನ್ನಡದಲ್ಲಿ ಎದುರುಬದುರಾಗಿ ಬರೆದು ತೋರಿಸಿದರೆ, ಎರಡು ಕನ್ನಡಗಳ ನಡುವಣ ಸೇತುವೆಯನ್ನು ಮಗು ತಾನೇ ದಾಟುತ್ತದೆ. ಮುಂಬಯಿಯಲ್ಲಿ ಮಕ್ಕಳಿಗೆ ಕನ್ನಡವನ್ನು ಕಲಿಸುತ್ತಿರುವ ‘ಚಿಣ್ಣರ ಬಿಂಬ’ದಂತಹ ಸಂಸ್ಥೆಗಳ ಶಿಬಿರಗಳಲ್ಲಿ ಈ ಪ್ರಯೋಗಕ್ಕೆ ಅವಕಾಶವಿದೆ, ಏಕೆಂದರೆ ಅಲ್ಲಿ ಶಾಲೆಯ ಪರೀಕ್ಷೆಯ ಭಯವಿಲ್ಲ.

1978ರಲ್ಲಿ ಆರಂಭವಾದ ಮುಂಬಯಿ ವಿಶ್ವವಿದ್ಯಾಲಯದ ಕನ್ನಡ ವಿಭಾಗದ ವಿದ್ಯಾರ್ಥಿಗಳಲ್ಲಿ ಅನೇಕರು ಈ ಮಕ್ಕಳ ಮನೆಮಾತುಗಳನ್ನೇ ಆಡುವವರು. ಮುಂಬಯಿಯ ಕನ್ನಡ ಮಕ್ಕಳು ಗಟ್ಟಿಯಾಗಿ ಓದುವುದನ್ನು ಧ್ವನಿಮುದ್ರಿಸಿಕೊಂಡು, ಅವರ ತಪ್ಪುಗಳನ್ನು ಲಿಪಿಯಿಂದ ಬಂದವು, ದೇವನಾಗರಿಯಿಂದ ಬಂದವು, ಮನೆಮಾತಿನಿಂದ ಬಂದವು, ಇವಾವುದರಿಂದಲೂ ವಿವರಿಸಲಾಗದವು ಎಂದು ವಿಂಗಡಿಸುವ ಕೆಲಸಕ್ಕೆ ಭಾಷಾವಿಜ್ಞಾನದ ಸಾಮಾನ್ಯ ತರಬೇತಿ ಸಾಕು. ಕೊನೆಯ ವರ್ಗಕ್ಕೆ ಸೇರಿದ ಮಕ್ಕಳನ್ನು ಸಾಯನ್ನಿಗೋ ನಾಯರಿಗೋ ಕಳುಹಿಸಬೇಕು. ಕಳುಹಿಸುವಾಗ ಆ ಧ್ವನಿಮುದ್ರಿಕೆಯನ್ನೂ, ಮಗು ಕನ್ನಡದಲ್ಲಿ ಎಲ್ಲಿಯವರೆಗೆ ಓದಿತು, ಯಾವ ಅಕ್ಷರದಲ್ಲಿ ನಿಂತಿತು ಎಂಬುದನ್ನು ಬರೆದ ಒಂದು ಪುಟವನ್ನೂ ಜೊತೆಗಿಟ್ಟರೆ, ಕನ್ನಡ ಬಾರದ ಪರೀಕ್ಷಕರ ಕೈಗೂ ಆ ಮಗುವಿನ ಕನ್ನಡ ತಲಪುತ್ತದೆ.